ಹಳೇಗವಿ ತಂಡದ ಆರನೆಯ ಆಟಗಾರ

ಬ್ಯಾಸ್ಕೆಟ್‌ಬಾಲ್ ಆಟವನ್ನು ಈ ಸೀಮೆಗೆ ತಂದವನೇ ನಾನು. ಸರಿ, ಹಾಗೆ ನೋಡಬೇಡಿ, ಸುಳ್ಳು. ಎಸೆದ ನಿಂಬೆಹಣ್ಣು ಹಿಡಿಯೋಕೂ ನನಗೆ ಬರೋದಿಲ್ಲ. ಆದರೆ ಈಗ ಹೇಳೋದು ಮಾತ್ರ ಅಪ್ಪಟ ನಿಜ. ನಮ್ಮ ತಾತ ಕಣ್ಣಾರೆ ಕಂಡದ್ದು. ತಾತ ಆಗಿನ್ನೂ ಹುಟ್ಟಿರಲಿಲ್ಲ, ಅದು ಬೇರೆ ಮಾತು.

ಹಳೇಗವಿ ಅಂತ ಒಂದು ಪುಟ್ಟ ಸಂಸ್ಥಾನ. ಅಲ್ಲಿನ ರಾಜ ವೀರಚಂಬನಿಗೆ ಈ ಆಟದ ಹುಚ್ಚು. ಅರಮನೆ ತಂಡದಲ್ಲಿ ಇಬ್ಬರು ಹುಲಿಗಳು: ದೊಡ್ಡ ರಾಣಿಯ ತಮ್ಮ ಸರ್ಜಪ್ಪ, ಚಿಕ್ಕ ರಾಣಿಯ ತಮ್ಮ ಬೊಮ್ಮರಸ. ಉಳಿದ ಮೂವರು ಅರಮನೆಯ ಆಳುಗಳು: ಮಾವುತ ಜಮಾಲ, ಅಡುಗೆಯ ಸಿಂಗ್ರಯ್ಯ, ಮಾಲಿ ಮುದ್ದ. ಹುಲಿಗಳಿದ್ದೂ ತಂಡ ಗೆದ್ದದ್ದೇ ಇಲ್ಲ. ಗಡಿಯಾಚೆಯ ಗಿರಣಿ ತಂಡ ಬಂದಾಗಲೆಲ್ಲ ಚಚ್ಚಿ ಹೋಗುತ್ತಿತ್ತು.

ಒಂದು ದಿನ ಸೋಲು ನೋಡಿ ಬಂದ ರಾಜ ಕಿರೀಟ ಕಿತ್ತು ದಿಂಬಿನ ಮೇಲೆ ಎಸೆದ.

"ನನ್ನ ಜೋಡಿಯಂಥ ಜೋಡಿ ಭೂಮಂಡಲದಲ್ಲಿಲ್ಲ! ಆ ಮೂರು ದಂಡಪಿಂಡಗಳ ಕೈಗೆ ಚೆಂಡು ಹೋದರೆ ಮುಗೀತು, ಗಿರಣಿಯವರ ಪಾಲು. ಮೂವರೂ ಸಂಸ್ಥಾನ ಬಿಟ್ಟು ತೊಲಗಲಿ!"

ಆಸ್ಥಾನದ ವಿದೂಷಕ ಲಿಂಗಣ್ಣಯ್ಯ ಮೆಲ್ಲಗೆ ಕೆಮ್ಮಿದ. "ತಪ್ಪು ಜೋಡಿಯದ್ದೂ ಇರಬಹುದಲ್ಲ, ಪ್ರಭು?"

ಪರದೆಯ ಹಿಂದೆ ಇಬ್ಬರು ರಾಣಿಯರ ಬಳೆಗಳೂ ಝಣ್ ಎಂದವು.

"ಹಾಗಾದರೆ ನೀನೇ ಹೇಳು," ರಾಜ ಗುಡುಗಿದ. "ಜೋಡಿಯದೋ, ಮೂವರದೋ? ಉತ್ತರ ನನಗೆ ಒಪ್ಪಿಗೆಯಾಗದಿದ್ದರೆ ಅವರ ಜೊತೆ ನೀನೂ ಗಂಟುಮೂಟೆ ಕಟ್ಟು."

"ಹೇಳ್ತೀನಿ. ಅದಕ್ಕೆ ಮುಂಚೆ ನಾಳೆ ಮುದ್ದನ ಬದಲು ತಾವೇ ಆಡಬೇಕು."

"ನಾನಾ?"

"ತಾವು ಇಳಿದರೆ ಅವರು ಗಿರಣಿಗೇ ಬೀಗ ಹಾಕಿಕೊಂಡು ಓಡ್ತಾರೆ, ಪ್ರಭು."

ರಾಜ ಮೀಸೆ ತಿರುವಿದ. ಸಿಕ್ಕಿಬಿದ್ದ.

ಮರುದಿನ ಆಟ ಶುರು. ರಾಜ ಬುಟ್ಟಿಯ ಕೆಳಗೆ ಒಂಟಿಯಾಗಿ ನಿಂತು ಕೂಗಿದ, "ಸರ್ಜಪ್ಪಾ, ಹಾಕೋ ಇತ್ಲಾಗೆ!"

ಸರ್ಜಪ್ಪ ಗಕ್ಕನೆ ನಿಂತ. ರಾಜನ ಹತ್ತಿರ ನಡೆದುಬಂದು, ಸೊಂಟ ಬಗ್ಗಿಸಿ, ಎರಡೂ ಅಂಗೈ ಮೇಲೆ ಚೆಂಡಿಟ್ಟು, "ಮಹಾಸ್ವಾಮಿಗಳು ಸ್ವೀಕರಿಸಬೇಕು" ಎಂದ.

"ಸ್ವೀಕರಿಸಿದೆ," ಅಂತ ಗಿರಣಿ ತಂಡದ ನಾಯಕ ದೇವರ ಪ್ರಸಾದ ತಗೊಂಡ ಹಾಗೆ ಚೆಂಡೆತ್ತಿಕೊಂಡು ಓಡಿದ.

ಬೊಮ್ಮರಸ ಇನ್ನೂ ವಿನಯವಂತ. ಬಗ್ಗೋದಕ್ಕೆ ಮುಂಚೆ ಬೂಟು ಬಿಚ್ಚತೊಡಗಿದ.

"ಎಸೆಯಿರೋ, ಕತ್ತೆಗಳಾ!"

"ಮಹಾಸ್ವಾಮಿಗಳ ಮೇಲೆ ಎಸೆಯೋದೇ? ತಲೆದಂಡದ ಅಪರಾಧ! ತಮ್ಮದೇ ಕಟ್ಟಳೆ!"

ಅವತ್ತಿನಂಥ ಸೋಲು ಹಳೇಗವಿ ಕಂಡಿರಲಿಲ್ಲ. ರಾಜ ಆಸ್ಥಾನಕ್ಕೆ ಬಂದು ಸಿಂಹಾಸನದಲ್ಲಿ ಕುಕ್ಕರಿಸಿ, ಬೆವರು ಒರೆಸಿಕೊಳ್ಳುತ್ತ ಲಿಂಗಣ್ಣಯ್ಯನತ್ತ ಅಬ್ಬರಿಸಿದ, "ಇವತ್ತು ಆ ಹುಲಿಗಳಿಗೆ ಏನು ಬಂದಿತ್ತು?"

"ದಿನಾ ಆ ಮೂವರಿಗೆ ಬರೋದೇ, ಪ್ರಭು. ರಾಣಿಯರ ತಮ್ಮಂದಿರಿಗೆ ಆಳುಗಳು ಏನು ಕೊಟ್ಟರೂ ನಿಂತು, ಬಗ್ಗಿ, ಎರಡು ಕೈಯಲ್ಲಿ ಒಪ್ಪಿಸಬೇಕು. ಅದೂ ತಮ್ಮದೇ ಕಟ್ಟಳೆ. ಮೂವರು ಬಗ್ಗಿದಾಗ ಗಡೀಪಾರು ಅಂದಿರಿ. ಇವತ್ತು ಹುಲಿಗಳು ಬಗ್ಗಿವೆ. ಅವರಿಗೂ ಗಂಟು ಕಟ್ಟಿಸಲೇ?"

ಪರದೆಯ ಹಿಂದೆ ಬಳೆಗಳು ಇನ್ನೂ ಜೋರಾಗಿ ಝಣ್ ಎಂದವು.

"ಬೇಡ ಮಾರಾಯ! ಹಾಗಾದರೆ ತಪ್ಪು ಯಾರದು?"

"ಐವರದ್ದೂ ಅಲ್ಲ. ನಮ್ಮಲ್ಲಿ ಆರನೆಯವನೊಬ್ಬ ಇದ್ದಾನೆ. ಅರಮನೆಯ ಮರ್ಯಾದೆ ಅಂತ ಹೆಸರು. ಅದ್ಭುತ ಆಟಗಾರ, ಪ್ರಭು. ಏನು ಮಾಡೋದು, ಗಿರಣಿಯವರ ಪರ ಆಡ್ತಾನೆ!"

ರಾಜ ಒಂದು ಕ್ಷಣ ಕೆಂಪಾದ. ಆಮೇಲೆ ಸಿಂಹಾಸನ ಅಲುಗಾಡುವಂತೆ ನಕ್ಕ. ಅಂಕಣದ ಗೆರೆಯೊಳಗೆ ಯಾರೂ ಯಾರಿಗೂ ಬಗ್ಗಕೂಡದು ಎಂದು ಅಲ್ಲೇ ಡಂಗುರ ಹೊಡೆಸಿದ. ಮುಂದಿನ ಆಟದಲ್ಲಿ ಮುದ್ದ ಎಸೆದ ಮೊದಲ ಚೆಂಡು ಬೊಮ್ಮರಸನ ಮೂಗಿಗೇ ಬಿತ್ತು, ಎರಡನೆಯದು ಕೈಗೆ, ಮೂರನೆಯದು ಬುಟ್ಟಿಗೆ. ಗಿರಣಿಯವರು ಸೋತು ಗಾಡಿ ಹತ್ತಿದರು.

ರಾಜ ತನ್ನ ಚಿನ್ನದ ಕಡಗ ಬಿಚ್ಚಿ ಲಿಂಗಣ್ಣಯ್ಯನಿಗೆ ತೊಡಿಸಿದ. ಆ ಕಡಗ ಕೈಯಿಂದ ಕೈಗೆ ಬಂದು ಈಗ ನನ್ನ ಹತ್ತಿರವೇ ಇದೆ. ತೋರಿಸೋಣ ಅಂದ್ರೆ ಇವತ್ತೇ ಮನೇಲಿ ಬಿಟ್ಟು ಬಂದೆ, ದುಡ್ಡಿನ ಚೀಲದ ಜೊತೆಗೆ. ನನ್ನ ಟೀ ದುಡ್ಡು ನೀವೇ ಕೊಟ್ಟುಬಿಡಿ. ಬಗ್ಗಿ ಒಪ್ಪಿಸಬೇಕಾಗಿಲ್ಲ, ಎಸೆದರೂ ಹೋಟ್ಲಿನವನು ಹಿಡೀತಾನೆ.