ಬಿಸಿಲು ಬೇಡಿದ ಬೆಳ್ಳಿಯುಪ್ಪು

ಫಿಲೋಮಿನಾಳ ಪ್ರಯೋಗಶಾಲೆಯಲ್ಲಿ ಬೆಳ್ಳಿಯುಪ್ಪಿಗೆ ಕಂದು ಸೀಸೆಯೇ ಮನೆ. ಎದುರು ಮೇಜಿನ ಮೇಲೆ ಚಿನ್ನದುಪ್ಪು ಮಾತ್ರ ಬಿಳಿ ಗಾಜಿನ ಫ್ಲಾಸ್ಕಿನಲ್ಲಿ, ನೀಲಿ ದೀಪದ ಮುಂದೆ ಮೆರೆಯುತ್ತಿತ್ತು. ಬೆಳ್ಳಿಯುಪ್ಪಿಗೆ ಹೊಟ್ಟೆ ಉರಿಯಿತು.

“ಅದಕ್ಕೆ ದೀಪ, ನನಗೆ ಕತ್ತಲೆ. ಇದು ಯಾವ ನ್ಯಾಯ?”

“ನಿನ್ನ ಒಳ್ಳೆಯದಕ್ಕೇ,” ಎಂದಿತು ಸೀಸೆ.

“ನನ್ನ ಒಳ್ಳೆಯದು ನನಗೆ ಗೊತ್ತು.”

ಅಂದು ಫಿಲೋಮಿನಾ ಒಂದು ಚಮಚ ಬೆಳ್ಳಿಯುಪ್ಪನ್ನು ತಟ್ಟೆಯೊಂದರಲ್ಲಿ ತೂಗಿ, ಸೀಸೆಯ ಮುಚ್ಚಳ ಹಾಕಿ, ತಟ್ಟೆಯನ್ನು ಕಿಟಕಿಯ ಬಳಿಯೇ ಮರೆತು ಊಟಕ್ಕೆ ಹೋದಳು. ತಟ್ಟೆಯಲ್ಲಿದ್ದ ಉಪ್ಪು ಮೈಚಾಚಿ ಮಲಗಿ, ಬಂದ ಬಿಸಿಲನ್ನೆಲ್ಲ ತಾನೇ ನುಂಗಿತು. ಅವಳು ಕೈ ತೊಳೆದು ಬರುವಷ್ಟರಲ್ಲಿ ಅದರ ಮೈ ಇದ್ದಿಲಿನಂತೆ ಕಪ್ಪಾಗಿತ್ತು.

“ನೀನು ಬೆಳಗಿನಿಂದ ಬೆಳಕಿನಲ್ಲೇ ಇದ್ದೀಯ. ನಿನಗೇಕೆ ಏನೂ ಆಗಲಿಲ್ಲ?” ಎಂದು ಅದು ಚಿನ್ನದುಪ್ಪನ್ನು ಕೇಳಿತು.

“ನನ್ನ ಜೊತೆ ಫ್ಲಾಸ್ಕಿನಲ್ಲಿ ಒಂದಕ್ಕೊಂದು ಮಾತುಬಿಟ್ಟ ಎರಡು ಅಣುಗಳಿದ್ದವು. ಸಿಕ್ಕ ಬೆಳಕನ್ನೆಲ್ಲ ಅವನ್ನು ಕೂಡಿಸುವುದಕ್ಕೇ ಕೊಟ್ಟುಬಿಟ್ಟೆ,” ಎಂದಿತು ಚಿನ್ನದುಪ್ಪು. “ಕಪ್ಪಾಗುವುದಕ್ಕೆ ನನ್ನ ಹತ್ತಿರ ಏನೂ ಉಳಿಯಲಿಲ್ಲ.”

ಫಿಲೋಮಿನಾ ನಿಟ್ಟುಸಿರು ಬಿಟ್ಟು, ಕಪ್ಪು ಪುಡಿಯನ್ನು ಕಸದ ಡಬ್ಬಿಗೆ ಸುರಿದಳು. ಸೀಸೆಯಲ್ಲಿ ಉಳಿದಿದ್ದ ಬೆಳ್ಳಿಯುಪ್ಪು ಒಳಗಿನಿಂದಲೇ ಅದನ್ನು ನೋಡಿತು. ಮೆಲ್ಲನೆ ಸೀಸೆಗೆ ಹೇಳಿತು:

“ಮುಚ್ಚಳ ಕೊಂಚ ಸಡಿಲವಾಗಿದೆಯೇನೋ, ನೋಡಪ್ಪ.”