ಕೋತಿಯ ಅಂಗಡಿಯ ಸೊಂಟಪಟ್ಟಿ

ಒಣಕೊಂಬೆ ಕಡಿಯುವ ಕರಡಿಯೊಂದು, ಮರದಲ್ಲಿ ನೇತಾಡಲು ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ ಕೇಳಿಕೊಂಡು ಕೋತಿಯ ಅಂಗಡಿಗೆ ಬಂದಿತು. "ಹಳೆಯದರಲ್ಲಿ ಕಾಲು ಜೋಮು ಹಿಡಿದು ಬಿದ್ದೆ. ಇನ್ನೊಮ್ಮೆ ಬಿದ್ದರೆ ಏಳಲಾರೆ" ಎಂದಿತು.

"ಈ ಮಖಮಲ್ಲಿನದು ತಗೊಳ್ಳಿ ಅಣ್ಣ, ತಾಯಿಯ ಮಡಿಲಿದ್ದ ಹಾಗೆ" ಎಂದಿತು ಕೋತಿ.

ಕರಡಿ ಕಟ್ಟಿಕೊಂಡು ನೋಡಿತು. "ನೆಲದ ಮೇಲೆ ನಿಂತವರಿಗೆ ಎಲ್ಲವೂ ಹಿತವೇ. ನೀನೇ ನೇತಾಡಿ ತೋರಿಸು ತಮ್ಮಾ" ಎಂದು ಅದನ್ನು ಕೋತಿಗೆ ಬಿಗಿದು ತೊಲೆಗೆ ಏರಿಸಿತು. ಆಮೇಲೆ ನಿಧಾನವಾಗಿ ಎಲೆ ಅಡಿಕೆ ಹಾಕಿಕೊಂಡಿತು.

ಅಡಿಕೆ ನುರಿಯುವಷ್ಟರಲ್ಲಿ ಕೋತಿ ಬೇಡಿತು: "ಇಳಿಸಿ ಅಣ್ಣ, ನನಗೆ ತೊಡೆ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ."

"ಹಾಗಾದರೆ ಯಾವುದನ್ನು ಕೊಳ್ಳಲಿ?"

"ಮೂಲೆಯಲ್ಲಿರುವ ಅಗಲ ಪಟ್ಟಿಯದು. ನೋಡಲು ಚೆನ್ನಾಗಿಲ್ಲ, ಅಷ್ಟೆ."

"ಸರಿ, ಅದಕ್ಕೂ ಒಂದು ಎಲೆ ಅಡಿಕೆ ಆಗಲಿ" ಎಂದು ಕರಡಿ ಅದನ್ನೂ ಕೋತಿಗೇ ಕಟ್ಟಿ ಏರಿಸಿತು.

ಎರಡನೆಯ ಎಲೆ ಮುಗಿಯುವಾಗ ಕೋತಿ ತೂಗಾಡುತ್ತ ಗೊರಕೆ ಹೊಡೆಯುತ್ತಿತ್ತು. ಕರಡಿ ಆ ಅಗಲ ಪಟ್ಟಿಯದನ್ನೇ ಕೊಂಡಿತು.