ಮೂವತ್ತೆರಡನೆಯ ಬೀಜ

ನಿರ್ವಾಣಯ್ಯನವರಿಗೆ ಕಣ್ಣು ಮಂಜು, ಕಿವಿ ಚುರುಕು. ನದಿ ದಂಡೆಯ ಆಶ್ರಮದಲ್ಲಿ ಕೂತು, ದೂರದೂರುಗಳ ಶಿಷ್ಯರಿಗೆ ಕಂಪ್ಯೂಟರಿನಲ್ಲಿ ಪಾಠ ಹೇಳುತ್ತಿದ್ದರು. ಶಿಷ್ಯರು ಬರೆದ ಪತ್ರಗಳನ್ನು ಕಂಪ್ಯೂಟರೇ ಅವರಿಗೆ ಓದಿ ಹೇಳುತ್ತಿತ್ತು.

ಪಾಠಕ್ಕೆ ಮೊದಲು ಒಬ್ಬೊಬ್ಬರೂ "ಶರಣ್ರೀ ಅಪ್ಪಾರ" ಅನ್ನಬೇಕು. ಒಂದು ದನಿಗೆ ಒಂದು ಹುಣಸೆ ಬೀಜವನ್ನು ಗುರುಗಳು ತಟ್ಟೆಗೆ ಹಾಕುವರು. ದಿನಾ ಮೂವತ್ತೊಂದು ಬೀಜ.

ಕಂಪ್ಯೂಟರಿನೊಳಗಿನ ಆ ತರಗತಿಯ ಜಾಗವನ್ನು ಒಂದು ದೊಡ್ಡ ಕಂಪನಿ ಪುಕ್ಕಟೆ ಕೊಟ್ಟಿತ್ತು. ತಂದವನು ಆಶ್ರಮದಲ್ಲೇ ಇದ್ದ ಹಿರಿಯ ಶಿಷ್ಯ ಬಸವಂತ; ಪಕ್ಕದಲ್ಲೇ ಇರುವವನೆಂದು ಅವನಿಗೆ ಬೀಜದ ಲೆಕ್ಕವಿರಲಿಲ್ಲ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಜಗತ್ತಿನಲ್ಲಿ ಅವನೊಬ್ಬನನ್ನೇ ಬೈಯುವುದು ನ್ಯಾಯವಲ್ಲ.

ಒಂದು ಮಧ್ಯಾಹ್ನ ಗುರುಗಳು ಕೇಳಿದರು: "ಬಸವಂತ, ಪರದೆ ಮ್ಯಾಲೆ ಎಷ್ಟು ಮಂದಿ ಅಂತ ಐತಿ?"

"ಮೂವತ್ತೆರಡು ರೀ."

"ತಟ್ಟ್ಯಾಗ ಮೂವತ್ತೊಂದ ಅದಾವ."

ಬಸವಂತ ಹೆಸರುಗಳನ್ನು ಓದಿದ. ಕೊನೆಯ ಚೌಕಕ್ಕೆ ಹೆಸರಿರಲಿಲ್ಲ, ಮುಖವಿರಲಿಲ್ಲ. "ಯಾರ್ರೀ ಅದು?" ಎಂದ.

ಮೂವತ್ತೊಂದು ಜನ ಉಸಿರು ಬಿಗಿಹಿಡಿದರು. ಆದರೂ ಯಾರೋ ಉಸಿರಾಡುವುದು ಕೇಳುತ್ತಿತ್ತು.

"ಹೊರಗ ಹಾಕು."

"ಆಗೂದಿಲ್ರೀ ಅಪ್ಪಾರ. ಬಾಗಲಾ ಆ ಕಂಪನಿಯವರ ಕೈಯಾಗೈತಿ."

"ಒಳಗ ಇಳಿದು ಯಾರಂತ ನೋಡು."

"ಅದನ್ನೂ ಮುಚ್ಚಿಟ್ಟಾರ್ರೀ."

ಶಿಷ್ಯರಲ್ಲಿ ನೀಲಗಂಗಾ ಎಂಬವಳಿದ್ದಳು. ಹಿಂದೆ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವಳು, ಒಂದು ತಿಂಗಳಿಂದ ಶರಣು ಅಂದದ್ದು ಬಿಟ್ಟರೆ ತುಟಿ ಬಿಚ್ಚಿರಲಿಲ್ಲ. ಮರುದಿನ ಅವಳು ಬಸ್ಸು ಹತ್ತಿ ಆಶ್ರಮಕ್ಕೇ ಬಂದಳು.

"ಹೊಟ್ಟ್ಯಾಗಿನ ಕೂಸು ಹೋದದ್ದನ್ನ ಆ ತರಗತಿಯಾಗ ನಿಮಗೊಬ್ಬರಿಗೇ ಪತ್ರ ಬರೆದಿದ್ದೆ ಅಪ್ಪಾರ. ಮರುದಿನದಿಂದ ನನ್ನ ಫೋನಿನ್ಯಾಗ ತೊಟ್ಟಿಲದ ಜಾಹೀರಾತು ಬರಾಕತ್ತಾವ. ದಿನಾ ಒಂದು ಹೊಸಾ ತೊಟ್ಟಿಲ."



"ತರಗತಿಗೆ ನಮ್ಮದ ಒಂದು ಮನಿ ಕಟ್ಟು," ಎಂದರು ಗುರುಗಳು ಬಸವಂತನಿಗೆ. "ಯಾರು ಬೇಕಾದರೂ ಒಳಗಿಳಿದು ನೋಡೂವಂಥಾದ್ದು."

ಎಲ್ಲರೂ ಓದಬಹುದಾದ, ತಿದ್ದಬಹುದಾದ ತಂತ್ರಾಂಶವನ್ನು ಬಸವಂತ ಹುಡುಕಿ ತಂದು ಆಶ್ರಮದ ಹಳೆಯ ಕಂಪ್ಯೂಟರಿನಲ್ಲಿ ಕೂರಿಸಿದ. ಮೊದಮೊದಲು ಅದು ದಿನಕ್ಕೆರಡು ಸಲ ಕೈಕೊಡುತ್ತಿತ್ತು. ಶಿಷ್ಯರು ಕೆಲಸ ಹಂಚಿಕೊಂಡು ರಿಪೇರಿ ಕಲಿತರು. ನೀಲಗಂಗಾ ಎಲ್ಲರಿಗಿಂತ ಬೇಗ ಕಲಿತಳು. ಪ್ರಶ್ನೆಗಳೂ ಮೆಲ್ಲಗೆ ಮರಳಿದವು. ಗುರುಗಳಿಗೆ ಅದೊಂದು ಹಬ್ಬ.

ಮೂರನೆಯ ತಿಂಗಳಲ್ಲಿ ಒಂದು ದಿನ ನೀಲಗಂಗಾ ಪ್ರಶ್ನೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

"ಅಪ್ಪಾರ, ಮತ್ತ ಮೂವತ್ತೆರಡು ತೋರಸಾಕತ್ತೈತಿ."

ಎಲ್ಲರೂ ಸುಮ್ಮನಾದರು. ಮತ್ತೆ ಯಾರದೋ ಉಸಿರು ಕೇಳಿಸಿತು.

"ಈ ಸಲ ಇಳಿದು ನೋಡು ತಂಗಿ."

ಬಹಳ ಹೊತ್ತು ಅವಳ ಕೀಲಿಮಣೆಯ ಸದ್ದೊಂದೇ ಕೇಳಿಸಿತು.

"ಇಲ್ಲೊಂದು ಕುರ್ಚಿ ಐತ್ರೀ, ಹೆಸರಿಲ್ಲದ ಖಾತೆ. ಇದರ ಮ್ಯಾಲೆ ಕೂತವರು ನಿಮಗ ಬರೆದ ಪತ್ರಾನೂ ಓದಬಹುದು." ಅವಳು ಇನ್ನೊಂದು ಸಾಲು ಓದಿದಳು. "ಇಟ್ಟವರು ಬಸವಂತಣ್ಣಾರು."

ಗುರುಗಳ ಹಿಂದೆ ಫೋನು ಹಿಡಿದು ಕೂತಿದ್ದ ಬಸವಂತ ಉಸಿರು ಬಿಗಿಹಿಡಿದ. ಪರದೆಯ ಉಸಿರೂ ನಿಂತಿತು.

"ಕಾಯಾಕಂತ ಇಟ್ಟಿದ್ನಿರೀ," ಎಂದ. "ಏನೂ ಕೆಡಬಾರದು ಅಂತ. ಪತ್ರ... ಎರಡು ಓದೀನಿ."

ನೀಲಗಂಗಾ ಆ ಕುರ್ಚಿಯನ್ನು ಅಳಿಸಿದಳು. ಪರದೆಯ ಮೇಲೆ ಮೂವತ್ತೊಂದು ಎಂದು ಬಂತು.

ಬಸವಂತ ಕಣ್ಣೊರೆಸಿಕೊಂಡು ಬಾಗಿಲಿಗೆ ನಡೆದ. "ನಾನ ಹೊರಗ ಹೋಗ್ತೀನ್ರಿ ಅಪ್ಪಾರ. ಆ ಕಂಪನಿಯವರಿಗೂ ನನಗೂ ಏನು ಫರಕು?"

ಗುರುಗಳು ಇನ್ನೊಂದು ಹುಣಸೆ ಬೀಜ ಎತ್ತಿಕೊಂಡು ತಟ್ಟೆಯ ಮೇಲೆ ಕೈ ಚಾಚಿದರು.

"ನೀ ಸಿಕ್ಕಿಬಿದ್ದಿ, ಅದ ಫರಕು. ಬಾ, ಎಲ್ಲಾರಿಗೂ ಕೇಳೂ ಹಂಗ ಶರಣು ಅನ್ನು."